ರಕ್ತದ ಅಂಕಿ ಹೇಳುವುದೆಷ್ಟು?

ಮುಧೋಳ ಎಂದೊಡನೆ ನಾಡಿನ ಬಹುಮಂದಿಗೆ ನೆನಪಾಗುವುದು ಘಟಪ್ರಭೆಯ ದಡದ, ರನ್ನಕವಿಯ ಮುಧೋಳ. ಇಲ್ಲವೇ ಆ ಊರಿನ ಬೇಟೆನಾಯಿ. ನಾನು ಹೇಳಹೊರಟಿರುವುದು ಇನ್ನೊಂದು ಮುಧೋಳದ ಸಂಗತಿ. ಅದು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನಲ್ಲಿ, ತೆಲಂಗಾಣದ ಗಡಿಗೆ ಸಮೀಪದಲ್ಲಿರುವ ಊರು. ಕನ್ನಡ, ತೆಲುಗು, ಉರ್ದು ಮೂರೂ ಒಂದೇ ಚಹಾದಂಗಡಿಯಲ್ಲಿ ಕೇಳಿಬರುವ ಸೀಮೆ. ಸೇಡಂ ಉಪವಿಭಾಗದಲ್ಲಿ ನಾನು ಕೆಲಸ ಮಾಡಿದ ವರ್ಷಗಳಲ್ಲಿ ಸರ್ಕಾರಿ ಜೀಪು ಓಡಿಸುತ್ತಿದ್ದವರು ಆ ಊರಿನವರು. ನನಗಿಂತ ನಾಲ್ಕೈದು ವರ್ಷ ಹಿರಿಯರು. ಚಿಂಚೋಳಿಯ ಕಾಡಂಚಿನ ಹಳ್ಳಿಗಳಿಂದ ಅಪರಾತ್ರಿಯಲ್ಲಿ ಮರಳುವಾಗ ನಿದ್ದೆ ಬಾರದಿರಲೆಂದು ಅವರು ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಹಚ್ಚಿ ತಿಕ್ಕಿ ಕೆನ್ನೆಯೊಳಗೆ ಇಟ್ಟುಕೊಳ್ಳುತ್ತಿದ್ದರು. ಬೇಡವೆಂದು ನಾನು ಒಂದು ದಿನವೂ ಹೇಳಲಿಲ್ಲ. ಅವರು ಎಚ್ಚರವಾಗಿದ್ದರೆ ನನಗೆ ಕ್ಷೇಮ ಎಂಬಷ್ಟೇ ಆಗಿನ ಯೋಚನೆ.

ಕಳೆದ ವರ್ಷ ಅವರ ಮಗ ದೂರವಾಣಿ ಮಾಡಿದ. ತಂದೆಯ ಕೆನ್ನೆಯೊಳಗೆ ಹುಣ್ಣಾಗಿ, ಪರೀಕ್ಷೆಯಲ್ಲಿ ಕ್ಯಾನ್ಸರ್ ಎಂದು ಖಚಿತವಾಗಿತ್ತು. ಶಸ್ತ್ರಚಿಕಿತ್ಸೆ ಮಾಡಿ, ಅನಂತರ ಬೇಕಾದರೆ ವಿಕಿರಣ ಕೊಡುವುದೆಂದು ವೈದ್ಯರು ಹೇಳಿದ್ದರು. ಆದರೆ ಮಗ ಕೇಳಿದ್ದು ಆಸ್ಪತ್ರೆಯ ವಿಚಾರವನ್ನಲ್ಲ. ರಕ್ತಪರೀಕ್ಷೆಯ ವರದಿಯ ಕೊನೆಯ ಸಾಲಿನಲ್ಲಿ ಎನ್‌ಎಲ್‌ಆರ್ 6.0 ಎಂದು ಅಚ್ಚಾಗಿತ್ತು. ಆತ ಪದವೀಧರ, ಮೊಬೈಲಿನಲ್ಲಿ ಹುಡುಕಿದ್ದಾನೆ. "ಸಾಹೇಬ್ರ, ಅಪ್ಪಂದು ರಕ್ತದಾಗೇ ಬರದು ಬಂದದ್ರಿ. ನಾಕರ ಮ್ಯಾಲ ಇದ್ರ ಉಳಿಯಂಗಿಲ್ಲ ಅಂತದ್ರಿ. ಇನ್ನ ಹೊಲ ಮಾರಿ ಏನ್ ಮಾಡದ್ರಿ?" ಎಂದ. ಎರಡು ಎಕರೆ ತೊಗರಿ ಹೊಲ. ಚಿಕಿತ್ಸೆಯ ಬಿಲ್ಲನ್ನು ಸರ್ಕಾರದ ಯೋಜನೆ ಭರಿಸಿದರೂ ಕಲಬುರಗಿಯಲ್ಲಿ ತಿಂಗಳುಗಟ್ಟಲೆ ಕೋಣೆ ಹಿಡಿದು ಉಳಿಯುವ ಖರ್ಚನ್ನು, ಕಳೆದುಹೋಗುವ ಕೂಲಿಯನ್ನು ಯಾರೂ ಭರಿಸುವುದಿಲ್ಲವಷ್ಟೆ.

ನಾನು ವೈದ್ಯನಲ್ಲ. ಅರ್ಥಶಾಸ್ತ್ರ ಓದಿ, ಆಡಳಿತದಲ್ಲಿ ಅಂಕಿಅಂಶಗಳ ನಡುವೆ ಬದುಕು ಕಳೆದವನು. ಆದ್ದರಿಂದಲೇ ಇರಬೇಕು, ಒಂದು ಕುಟುಂಬವು ಒಂದು ಅಂಕಿಯನ್ನು ನಂಬಿ ಚಿಕಿತ್ಸೆಯನ್ನೇ ಕೈಬಿಡಲು ಹೊರಟಿದ್ದನ್ನು ಕಂಡು ಆ ಅಂಕಿಯ ಪೂರ್ವಾಪರ ತಿಳಿಯಬೇಕೆನಿಸಿತು.

ನಮ್ಮ ರಕ್ತದಲ್ಲಿನ ಬಿಳಿ ಕಣಗಳಲ್ಲಿ ಹಲವು ಬಗೆ. ನ್ಯೂಟ್ರೋಫಿಲ್‌ಗಳು ಸೋಂಕು ಅಥವಾ ಗಾಯವಾದೊಡನೆ ಮೊದಲು ಓಡಿಬರುವ ಪಡೆ. ಲಿಂಫೋಸೈಟ್‌ಗಳು ವೈರಿಯನ್ನು ಗುರುತಿಟ್ಟು ಹೊಡೆಯುವ ಪಡೆ. ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಕೆಲಸದಲ್ಲಿ ಇವುಗಳ ಪಾಲು ದೊಡ್ಡದು. ಮೊದಲನೆಯದರ ಸಂಖ್ಯೆಯನ್ನು ಎರಡನೆಯದರಿಂದ ಭಾಗಿಸಿದರೆ ಬರುವುದೇ ಎನ್‌ಎಲ್‌ಆರ್. ನನ್ನ ಹಳೆಯ ಚಾಲಕರ ವರದಿಯಲ್ಲಿ ನ್ಯೂಟ್ರೋಫಿಲ್ ಶೇ 78, ಲಿಂಫೋಸೈಟ್ ಶೇ 13. ಭಾಗಿಸಿದರೆ 6. ಪ್ರತ್ಯೇಕ ಪರೀಕ್ಷೆಯೇನೂ ಬೇಕಿಲ್ಲ. ತಾಲ್ಲೂಕು ಆಸ್ಪತ್ರೆಯಲ್ಲೂ ಆಗುವ ಸಾಮಾನ್ಯ ರಕ್ತಕಣ ಎಣಿಕೆಯಿಂದಲೇ ಇದು ಸಿಗುತ್ತದೆ. ಕೋವಿಡ್ ಕಾಲದಲ್ಲಿ ಈ ಅನುಪಾತಕ್ಕೆ ಪ್ರಚಾರ ಸಿಕ್ಕ ಮೇಲೆ ಅನೇಕ ಪ್ರಯೋಗಾಲಯಗಳು ಕೇಳದಿದ್ದರೂ ಅದನ್ನು ಅಚ್ಚುಹಾಕಿ ಕೊಡತೊಡಗಿವೆ. ಇದೇ ಕುಲಕ್ಕೆ ಸೇರಿದ ಸೂಚಕಗಳು ಇನ್ನೂ ಇವೆ: ಪ್ಲೇಟ್‌ಲೆಟ್ ಮತ್ತು ಲಿಂಫೋಸೈಟ್‌ಗಳ ಅನುಪಾತ, ಪ್ಲೇಟ್‌ಲೆಟ್ಟನ್ನು ನ್ಯೂಟ್ರೋಫಿಲ್‌ನಿಂದ ಗುಣಿಸಿ ಲಿಂಫೋಸೈಟ್‌ನಿಂದ ಭಾಗಿಸುವ ಸೂಚ್ಯಂಕ, 1930ರಲ್ಲಿ ಗುರುತಿಸಲಾದ ಸಿ-ರಿಯಾಕ್ಟಿವ್ ಪ್ರೋಟೀನ್, ಅದರ ಜೊತೆಗೆ ಆಲ್ಬುಮಿನ್ ಪ್ರಮಾಣವನ್ನೂ ಸೇರಿಸಿ ಲೆಕ್ಕ ಹಾಕುವ ಗ್ಲಾಸ್ಗೋ ಅಂಕ.

ಇವೆಲ್ಲವೂ ಅಳೆಯುವುದು ಉರಿಯೂತವನ್ನು. ಕ್ಯಾನ್ಸರ್‌ಗೂ ಉರಿಯೂತಕ್ಕೂ ಏನು ನಂಟು ಎಂಬ ಪ್ರಶ್ನೆ ಹಳೆಯದು. ಜರ್ಮನಿಯ ರುಡಾಲ್ಫ್ ವಿರ್ಕೋ 1863ರಷ್ಟು ಹಿಂದೆಯೇ ಗೆಡ್ಡೆಗಳೊಳಗೆ ಬಿಳಿ ಕಣಗಳು ಇರುವುದನ್ನು ಗಮನಿಸಿದ್ದ. 1986ರಲ್ಲಿ ಅಮೆರಿಕದ ಹೆರಾಲ್ಡ್ ಡ್ವೊರಾಕ್ ಎಂಬ ವಿಜ್ಞಾನಿ ಗೆಡ್ಡೆಯನ್ನು ಮಾಯದ ಗಾಯಕ್ಕೆ ಹೋಲಿಸಿದರು. ಗಾಯವಾದಾಗ ದೇಹವು ಹೊಸ ರಕ್ತನಾಳಗಳನ್ನು ಬೆಳೆಸುತ್ತದೆ, ಕೋಶಗಳ ಬೆಳವಣಿಗೆಗೆ ಉತ್ತೇಜನ ಕೊಡುತ್ತದೆ, ಗಾಯ ಮಾಯ್ದ ಮೇಲೆ ಸುಮ್ಮನಾಗುತ್ತದೆ. ಗೆಡ್ಡೆ ಈ ದುರಸ್ತಿ ಕೆಲಸವನ್ನು ನಿಲ್ಲಗೊಡದೆ ತನ್ನ ಪೋಷಣೆಗೆ ಬಳಸಿಕೊಳ್ಳುತ್ತದೆ. ಅದು ಹೊಮ್ಮಿಸುವ ರಾಸಾಯನಿಕ ಸಂದೇಶಗಳಿಂದ ಮೂಳೆಮಜ್ಜೆ ಹೆಚ್ಚು ನ್ಯೂಟ್ರೋಫಿಲ್‌ಗಳನ್ನು ಹೊರಬಿಡುತ್ತದೆ, ಯಕೃತ್ತು ಹೆಚ್ಚು ಸಿ-ರಿಯಾಕ್ಟಿವ್ ಪ್ರೋಟೀನನ್ನು ತಯಾರಿಸುತ್ತದೆ. ಇತ್ತ ಲಿಂಫೋಸೈಟ್‌ಗಳು ಕುಗ್ಗುತ್ತವೆ. ಅನುಪಾತ ಏರುವುದೆಂದರೆ ಮುಂಚೂಣಿಯಲ್ಲಿ ಗದ್ದಲ ಹೆಚ್ಚಿದೆ, ನಿಜವಾಗಿ ಹೋರಾಡಬೇಕಾದವರು ಕಡಿಮೆಯಾಗಿದ್ದಾರೆ ಎಂದು ಸ್ಥೂಲವಾಗಿ ಹೇಳಬಹುದು.

ಇದು ಬರಿಯ ಊಹೆಯಲ್ಲ. 2014ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ ನೂರು ಅಧ್ಯಯನಗಳನ್ನು, ನಲವತ್ತು ಸಾವಿರಕ್ಕೂ ಮೀರಿದ ರೋಗಿಗಳನ್ನು ಒಟ್ಟುಗೂಡಿಸಿ ನೋಡಿತು. ಹಲವು ಬಗೆಯ ಕ್ಯಾನ್ಸರ್‌ಗಳಲ್ಲಿ, ಅನುಪಾತ ಹೆಚ್ಚಿದ್ದವರ ಸಾವಿನ ಅಪಾಯ ಇತರರಿಗಿಂತ ಸುಮಾರು 1.8 ಪಟ್ಟು ಇತ್ತು. ತಲೆ ಮತ್ತು ಕುತ್ತಿಗೆಯ ಕ್ಯಾನ್ಸರ್‌ಗಳನ್ನೇ, ಅಂದರೆ ಬಾಯಿ, ನಾಲಿಗೆ, ಗಂಟಲು, ಧ್ವನಿಪೆಟ್ಟಿಗೆಗಳ ಕ್ಯಾನ್ಸರ್‌ಗಳನ್ನೇ ಕುರಿತ 2018ರ ವಿಶ್ಲೇಷಣೆಗಳೂ ಹೆಚ್ಚುಕಡಿಮೆ ಇದನ್ನೇ ಹೇಳಿದವು. ಮಗ ಮೊಬೈಲಿನಲ್ಲಿ ಓದಿದ್ದು ಸುಳ್ಳಲ್ಲ.

ಆದರೆ ಅಪಾಯ 1.8 ಪಟ್ಟು ಎಂಬುದಕ್ಕೂ 'ಉಳಿಯಂಗಿಲ್ಲ' ಎಂಬುದಕ್ಕೂ ಅಜಗಜಾಂತರ. ಮೊದಲನೆಯದು ಒಂದು ಗುಂಪಿನ ಸರಾಸರಿ. ಒಂದು ತಾಲ್ಲೂಕಿನ ತಲಾ ಆದಾಯ ಗೊತ್ತಿದ್ದ ಮಾತ್ರಕ್ಕೆ ಆ ತಾಲ್ಲೂಕಿನ ಒಬ್ಬ ರೈತನ ಜೇಬಿನಲ್ಲಿ ಎಷ್ಟಿದೆ ಎಂದು ಹೇಳಲಾದೀತೆ? ಅನುಪಾತ ಹೆಚ್ಚಿದ್ದ ಗುಂಪಿನಲ್ಲಿಯೂ ಬಹುಕಾಲ ಬದುಕಿದವರಿದ್ದರು; ಕಡಿಮೆಯಿದ್ದ ಗುಂಪಿನಲ್ಲಿಯೂ ಬೇಗ ತೀರಿಕೊಂಡವರಿದ್ದರು.

ಎರಡನೆಯ ತೊಡಕು ಗೆರೆ ಎಳೆಯುವುದರದು. ಒಂದು ಅಧ್ಯಯನಕ್ಕೆ 2ಕ್ಕಿಂತ ಮೇಲಿದ್ದರೆ ಹೆಚ್ಚು, ಇನ್ನೊಂದಕ್ಕೆ 3, ಮತ್ತೊಂದಕ್ಕೆ 5. ಹಲವು ಸಂಶೋಧಕರು ಈಗಾಗಲೇ ಮುಗಿದ ಚಿಕಿತ್ಸೆಯ ಹಳೆಯ ಕಡತಗಳನ್ನು ತೆರೆದು, ಫಲಿತಾಂಶವನ್ನು ಅತ್ಯಂತ ಚೆನ್ನಾಗಿ ವಿಭಜಿಸುವ ಅಂಕಿ ಯಾವುದೋ ಅದನ್ನೇ ಗೆರೆಯೆಂದು ಆರಿಸಿಕೊಂಡಿದ್ದಾರೆ. ಫಸಲು ಕೊಯ್ದ ಮೇಲೆ ಮಳೆಯ ಭವಿಷ್ಯ ನುಡಿದಂತೆ ಇದು. ಜೊತೆಗೆ, ಪಶ್ಚಿಮ ದೇಶಗಳಲ್ಲಿ ಗಂಟಲಿನ ಕ್ಯಾನ್ಸರ್‌ಗಳಲ್ಲಿ ದೊಡ್ಡ ಪಾಲು ಪ್ಯಾಪಿಲೋಮಾ ವೈರಾಣುವಿನಿಂದ ಬರುವಂಥದ್ದು. ಚಿಕಿತ್ಸೆಗೆ ಅವು ಚೆನ್ನಾಗಿ ಬಗ್ಗುತ್ತವೆ. ನಮ್ಮಲ್ಲಿ ಹೆಚ್ಚಿನವು ತಂಬಾಕು, ಅಡಿಕೆಗಳಿಂದ ಬರುವ ಬಾಯಿಯ ಕ್ಯಾನ್ಸರ್‌ಗಳು. ಅಲ್ಲಿನ ಗೆರೆಯನ್ನು ತಂದು ಸೇಡಂನಲ್ಲಿ ಎಳೆಯುವ ಮುನ್ನ ಯೋಚಿಸಬೇಕು. ಆಫ್ರಿಕಾ ಮೂಲದ ಅನೇಕರಲ್ಲಿ ನ್ಯೂಟ್ರೋಫಿಲ್ ಸಂಖ್ಯೆ ಸಹಜವಾಗಿಯೇ ಕಡಿಮೆ ಇರುತ್ತದೆಂಬುದು ವೈದ್ಯರಿಗೆ ಬಹುಕಾಲದಿಂದ ಗೊತ್ತು. 'ಸಹಜ' ಎಂಬುದೂ ಎಲ್ಲೆಡೆ ಒಂದೇ ಅಲ್ಲ.

ಮೂರನೆಯ ತೊಡಕೇ ನಮ್ಮ ಸೀಮೆಗೆ ಮುಖ್ಯವಾದದ್ದು. ಈ ಅನುಪಾತಕ್ಕೆ ಉರಿಯೂತ ಗೊತ್ತಾಗುತ್ತದೆಯೇ ಹೊರತು ಅದರ ಕಾರಣ ಗೊತ್ತಾಗುವುದಿಲ್ಲ. ಹುಳುಕು ಹಲ್ಲಿನ ಕೀವು, ಕ್ಷಯ, ಕೆಮ್ಮು-ಕಫ, ಕಾಲಿನ ಹುಣ್ಣು, ಧೂಮಪಾನ ಯಾವುದರಿಂದಲೂ ರಕ್ತಕಣಗಳ ಲೆಕ್ಕ ಬದಲಾಗಬಹುದು. ಊತ ಇಳಿಯಲೆಂದು ಹಳ್ಳಿಯ ಔಷಧದಂಗಡಿಯಲ್ಲಿ ಕೊಡುವ ಸ್ಟೀರಾಯ್ಡ್ ಗುಳಿಗೆಯೊಂದೇ ನ್ಯೂಟ್ರೋಫಿಲ್ ಏರಿಸಿ ಲಿಂಫೋಸೈಟ್ ಇಳಿಸಬಲ್ಲದು. ಶಹಾಬಾದಿನ ಫರಸಿ ಕಲ್ಲಿನ ಖಣಿಗಳಲ್ಲಿ ಧೂಳು ಕುಡಿಯುತ್ತ ದುಡಿದವರ, ವಾಡಿ, ಮಳಖೇಡ, ಸೇಡಂಗಳ ಸಿಮೆಂಟ್ ಸೀಮೆಯಲ್ಲಿ ಗುತ್ತಿಗೆ ಕೂಲಿ ಮಾಡಿದವರ, ಒಮ್ಮೆಯೂ ದಂತವೈದ್ಯರ ಮುಖ ಕಾಣದವರ ದೇಹದಲ್ಲಿ ಉರಿಯೂತಕ್ಕೆ ಕಾರಣ ಹುಡುಕಲು ಕ್ಯಾನ್ಸರ್‌ವರೆಗೆ ಹೋಗಬೇಕಿಲ್ಲ.

ನನ್ನ ಚಾಲಕರ ವಿಷಯದಲ್ಲಿ ಆದದ್ದೂ ಅದೇ. ನಾನು ಮಗನಿಗೆ ಹೇಳಿದ್ದು ಇಷ್ಟೇ: ಹೊಲ ಮಾರುವುದೂ ಬೇಡ, ತಂದೆಯನ್ನು ಊರಿಗೆ ಕರೆದೊಯ್ಯುವುದೂ ಬೇಡ, ಶಸ್ತ್ರವೈದ್ಯರ ಬಳಿ ಈ ಅಂಕಿಯನ್ನೇ ಹಿಡಿದು ಕೇಳು. ವೈದ್ಯರು ಬಾಯಿ ತೆರೆಸಿ ನೋಡಿದರು. ಪೂರಾ ತೆರೆಯುತ್ತಿರಲಿಲ್ಲ, ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಪದರ ಗಡುಸಾಗಿ ಬಿಗಿದುಕೊಳ್ಳುವುದು ಸಾಮಾನ್ಯ. ಹಿಂದಿನ ದವಡೆಹಲ್ಲಿನ ಬುಡದಲ್ಲಿ ಕೀವು ತುಂಬಿತ್ತು. ವಿಕಿರಣ ಕೊಡಬೇಕಾಗಿ ಬಂದರೆ ಹೇಗೂ ಕೆಟ್ಟ ಹಲ್ಲುಗಳನ್ನು ಮೊದಲೇ ತೆಗೆಯಬೇಕು. ತೆಗೆದರು, ಸೋಂಕಿಗೆ ಔಷಧ ಕೊಟ್ಟರು. ಎರಡು ವಾರಗಳ ಮೇಲಿನ ವರದಿಯಲ್ಲಿ ನ್ಯೂಟ್ರೋಫಿಲ್ ಶೇ 66, ಲಿಂಫೋಸೈಟ್ ಶೇ 24, ಅನುಪಾತ 2.75. ಕ್ಯಾನ್ಸರ್ ಮಾತ್ರ ಇದ್ದಲ್ಲಿಯೇ ಇತ್ತು. ಅಂಕಿ ಇಳಿಯಿತೆಂದು ಮನೆಯವರು ಹಿಗ್ಗಿದರು. ಆ ಹಿಗ್ಗಿಗೂ ಮೊದಲಿನ ಹತಾಶೆಗೂ ಆಧಾರ ಅಷ್ಟಕ್ಕಷ್ಟೇ. ಶಸ್ತ್ರಚಿಕಿತ್ಸೆಯಲ್ಲಿ ಕುತ್ತಿಗೆಯ ಗ್ರಂಥಿಗೂ ರೋಗ ಹಬ್ಬಿದ್ದು ಕಂಡುಬಂತು.

ಕುತ್ತಿಗೆಯ ಮಾತು ಬಂದಿದ್ದರಿಂದ ಒಂದು ವಿಷಯ ಹೇಳಬೇಕು. ಬಾಯಿಯ ಕ್ಯಾನ್ಸರ್ ಆರಂಭದ ಹಂತದಲ್ಲಿದ್ದು ಕುತ್ತಿಗೆಯಲ್ಲಿ ಗಂಟು ಕಾಣದಿದ್ದಾಗ ಅಲ್ಲಿನ ಗ್ರಂಥಿಗಳನ್ನು ಮುಂಜಾಗ್ರತೆಯಾಗಿ ತೆಗೆಯಬೇಕೇ, ಗಂಟು ಕಂಡ ಮೇಲೆ ತೆಗೆದರೆ ಸಾಕೇ ಎಂಬುದು ಜಗತ್ತಿನಾದ್ಯಂತ ದಶಕಗಳ ವಿವಾದವಾಗಿತ್ತು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ಅನಿಲ್ ಡಿಕ್ರೂಜ್ ಮತ್ತು ಸಹೋದ್ಯೋಗಿಗಳು 2015ರಲ್ಲಿ ಅದಕ್ಕೆ ಉತ್ತರ ಕೊಟ್ಟರು: ಮೊದಲೇ ತೆಗೆದವರಲ್ಲಿ ಮೂರು ವರ್ಷಗಳ ಅನಂತರ ಶೇ 80ರಷ್ಟು ಮಂದಿ ಬದುಕಿದ್ದರು, ಕಾದು ನೋಡಿದವರಲ್ಲಿ ಶೇ 67.5. ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಮುಂದೆ ಏನಾಗುತ್ತದೆಂದು ಕಾದು ಪಡೆದ ಪುರಾವೆ ಇದು. ರಕ್ತದ ಅನುಪಾತ ನೋಡಿ ಚಿಕಿತ್ಸೆ ಬದಲಿಸಿದರೆ ಜೀವ ಉಳಿಯುತ್ತದೆ ಎನ್ನಲು ಈ ಮಟ್ಟದ ಪುರಾವೆ ಬಾಯಿಯ ಕ್ಯಾನ್ಸರ್‌ನಲ್ಲಿ ಬಂದಿಲ್ಲ. 2018ರಿಂದ ಬಳಕೆಗೆ ಬಂದ ಹಂತ ವಿಂಗಡಣೆಯ 8ನೆಯ ಆವೃತ್ತಿ ಗೆಡ್ಡೆ ಎಷ್ಟು ಆಳಕ್ಕೆ ಇಳಿದಿದೆ ಎಂಬುದನ್ನು ಹೊಸದಾಗಿ ಲೆಕ್ಕಕ್ಕೆ ತೆಗೆದುಕೊಂಡಿತು. ರಕ್ತದ ಸೂಚಕಗಳಿಗೆ ಅದರಲ್ಲಿ ಜಾಗ ಸಿಗಲಿಲ್ಲ.

ಹಾಗೆಂದು ಈ ಸೂಚಕಗಳನ್ನು ಕಸದ ಬುಟ್ಟಿಗೆ ಹಾಕಬೇಕೆಂದು ನಾನು ಹೇಳುತ್ತಿಲ್ಲ. ಅಗ್ಗದ ಉಪಕರಣಕ್ಕೆ ಬಡ ಜಿಲ್ಲೆಯಲ್ಲಿ ವಿಶೇಷ ಬೆಲೆಯಿದೆ. ಚಿಕಿತ್ಸೆಗೆ ಮುನ್ನ ಅನುಪಾತ ಏರಿರುವುದು ಕಂಡರೆ ಅದು ಒಂದು ಪ್ರಶ್ನೆ: ಬಾಯಲ್ಲಿ ಸೋಂಕಿದೆಯೇ, ಕ್ಷಯವಿದೆಯೇ, ಆಲ್ಬುಮಿನ್ ಕುಸಿದಿದೆಯೇ, ಅಂದರೆ ರೋಗಿಗೆ ಊಟ ಹೋಗುತ್ತಿದೆಯೇ? ನುಂಗಲಾಗದೆ ಸೊರಗಿದವನಿಗೆ ಮೂಗಿನ ನಳಿಕೆಯಿಂದಲಾದರೂ ಆಹಾರ ಕೊಟ್ಟು ಅಣಿಗೊಳಿಸದಿದ್ದರೆ ಆರು ವಾರಗಳ ವಿಕಿರಣವನ್ನು ಆತ ತಾಳಲಾರ. ಅಂಥವನನ್ನು ಬೇಗ ಬೇಗ ಕರೆಸಿ ನೋಡಬೇಕು. ಈ ಬಳಕೆಗೆ ನನ್ನ ತಕರಾರಿಲ್ಲ.

ನನ್ನ ಭಯ ಬೇರೆ. 2002ರ ಬಡತನ ರೇಖೆಯ ಗಣತಿಯಲ್ಲಿ ಪ್ರತಿ ಗ್ರಾಮೀಣ ಕುಟುಂಬಕ್ಕೆ 13 ಪ್ರಶ್ನೆಗಳ ಮೇಲೆ 0ಯಿಂದ 52ರವರೆಗೆ ಅಂಕ ಕೊಡುವ ವಿಧಾನವಿತ್ತು. ಉಡುಪು ಎಷ್ಟು ಜೊತೆ, ಊಟ ಎಷ್ಟು ಹೊತ್ತು, ಮನೆ ಎಂಥದ್ದು ಎಂಬಂಥ ಪ್ರಶ್ನೆಗಳು. ಬಡವರನ್ನು ಗುರುತಿಸಲು ಹುಟ್ಟಿದ ಆ ಅಂಕ, ಪಟ್ಟಿ ಸಿದ್ಧವಾದ ಮೇಲೆ ಬಡವರನ್ನು ಬಾಗಿಲಿನಿಂದಲೇ ಹಿಂದಕ್ಕೆ ಕಳಿಸುವ ಅಸ್ತ್ರವಾಯಿತು. ಒಂದು ಅಂಕ ಹೆಚ್ಚಾಯಿತೆಂದು ಚೀಟಿ ಕಳೆದುಕೊಂಡ ವಿಧವೆಯರು ಕಚೇರಿಯ ಮೆಟ್ಟಿಲ ಮೇಲೆ ಕುಳಿತಿರುತ್ತಿದ್ದರು. ನಾನೂ ಆ ಪಟ್ಟಿಗಳಿಗೆ ಸಹಿ ಹಾಕಿದವನೇ. ಅಳತೆಗೋಲು ಗುರಿಯಾದೊಡನೆ ಅಳತೆಯ ಗುಣ ಕಳೆದುಕೊಳ್ಳುತ್ತದೆ ಎಂಬರ್ಥದ ಮಾತೊಂದು ಅರ್ಥಶಾಸ್ತ್ರದಲ್ಲಿದೆ. ಬ್ರಿಟನ್ನಿನ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣದ ನೀತಿಯನ್ನು ಕುರಿತು ಹೇಳಿದ್ದರಿಂದ ಬೆಳೆದದ್ದು. ನಾಳೆ ಯಾವುದೋ ವಿಮಾ ಯೋಜನೆಯ ತಂತ್ರಾಂಶದಲ್ಲಿ, ದುಬಾರಿ ಔಷಧಕ್ಕೆ ಮಂಜೂರಾತಿ ಕೊಡುವ ಮುನ್ನ, ಈ ಅನುಪಾತದ ಕಲಮೊಂದು ಸೇರಿಕೊಂಡರೆ? ಹಲ್ಲಿನ ಕೀವಿನ ಕೂಲಿಯವನು ಆ ಕಲಮಿನಲ್ಲಿ ಮೊದಲು ಬೀಳುತ್ತಾನೆ. ಹಲ್ಲು ನೆಟ್ಟಗಿರುವ, ಹೊತ್ತಿಗೆ ಉಣ್ಣುವ ನಮ್ಮಂಥ ಓದುಗವರ್ಗದವರು ಪಾರಾಗುತ್ತೇವೆ.

ಈ ಭಯ ಕಾಲ್ಪನಿಕ ಎನ್ನುವವರು ಪ್ರತಿರೋಧಶಕ್ತಿಯನ್ನು ಚುರುಕುಗೊಳಿಸುವ ಹೊಸ ಔಷಧಗಳ ಬೆಲೆಯನ್ನು ನೋಡಬೇಕು. ಅನುಪಾತ ಹೆಚ್ಚಿದ್ದವರಲ್ಲಿ ಅವು ಅಷ್ಟಾಗಿ ಫಲ ಕೊಡುವುದಿಲ್ಲವೆಂದು ಹಲವು ಅಧ್ಯಯನಗಳು ಹೇಳುತ್ತವೆ. ಇಲ್ಲಿಯೂ ದಾರಿ ತೋರಿದ್ದು ಟಾಟಾ ಆಸ್ಪತ್ರೆಯೇ. ನಿವೊಲುಮ್ಯಾಬ್ ಎಂಬ ಔಷಧವನ್ನು ವಾಡಿಕೆಯ ಪ್ರಮಾಣದ ಹತ್ತನೆಯ ಒಂದಂಶಕ್ಕಿಂತ ಕಡಿಮೆ, ಬರೀ 20 ಮಿಲಿಗ್ರಾಂ, ಮೂರು ವಾರಕ್ಕೊಮ್ಮೆ, ಅಗ್ಗದ ಗುಳಿಗೆಗಳ ಜೊತೆ ಕೊಟ್ಟಾಗ ಒಂದು ವರ್ಷ ಬದುಕುಳಿದವರ ಪ್ರಮಾಣ ಶೇ 16.3ರಿಂದ ಶೇ 43.4ಕ್ಕೆ ಏರಿತು ಎಂಬ ವರದಿ 2023ರಲ್ಲಿ ಪ್ರಕಟವಾಯಿತು. ಅದಕ್ಕೂ ಮೊದಲು, 2020ರಲ್ಲಿ, ಶಸ್ತ್ರಚಿಕಿತ್ಸೆಗೆ ಮೀರಿದ ರೋಗಿಗಳಿಗೆ ಮೆಥೊಟ್ರೆಕ್ಸೇಟ್ ಮತ್ತು ಸೆಲೆಕಾಕ್ಸಿಬ್ ಗುಳಿಗೆಗಳು ಸಿಸ್‌ಪ್ಲಾಟಿನ್ ಚುಚ್ಚುಮದ್ದಿಗಿಂತ ತುಸು ಮೇಲು ಎಂದು ಅದೇ ಸಂಸ್ಥೆ ತೋರಿಸಿತ್ತು: 6.1 ತಿಂಗಳ ಬದಲು 7.5 ತಿಂಗಳು. ಸೆಲೆಕಾಕ್ಸಿಬ್ ಮೂಲತಃ ಕೀಲುನೋವಿಗೆ ಕೊಡುವ, ಉರಿಯೂತ ತಗ್ಗಿಸುವ ಗುಳಿಗೆ. ಬಡವನನ್ನು ಅಂಕಿ ತೋರಿಸಿ ಮನೆಗೆ ಕಳಿಸುವ ಬದಲು ಬಡವನ ಕೈಗೆಟಕುವ ಔಷಧ ಹುಡುಕಿದ ವಿಜ್ಞಾನ ಇದು.

ಇನ್ನು ನಮ್ಮ ಸೀಮೆಯ ಲೆಕ್ಕ. 2022ರ ಅಂತರರಾಷ್ಟ್ರೀಯ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸುಮಾರು 1.4 ಲಕ್ಷ ಮಂದಿಗೆ ತುಟಿ ಮತ್ತು ಬಾಯಿಯ ಕ್ಯಾನ್ಸರ್ ಬರುತ್ತದೆ. ಸುಮಾರು 80 ಸಾವಿರ ಮಂದಿ ಸಾಯುತ್ತಾರೆ. ಚಿತ್ತಾಪುರ, ಸೇಡಂ, ಚಿಂಚೋಳಿಗಳನ್ನು 2002ರಲ್ಲಿ ಡಾ. ನಂಜುಂಡಪ್ಪ ಸಮಿತಿ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಸಾಲಿಗೆ ಸೇರಿಸಿತ್ತು. ಕಲಬುರಗಿಯಲ್ಲಿ ಕಿದ್ವಾಯಿ ಸಂಸ್ಥೆಯ ಘಟಕವಿದೆ. ಆದರೂ ನಮ್ಮವರು ಹೈದರಾಬಾದಿಗೆ, ಸೊಲ್ಲಾಪುರಕ್ಕೆ, ಬಾರ್ಶಿಗೆ ಹೋಗುವುದುಂಟು. ದುಡ್ಡಿನ ಅಡಚಣೆ ಕಳೆದರೆ ಜೀವ ಉಳಿಯುತ್ತದೆ ಎಂಬುದಕ್ಕೆ ಪುರಾವೆ ಹೊರಗೆ ಹುಡುಕಬೇಕಿಲ್ಲ. 2010ರಲ್ಲಿ ವಾಜಪೇಯಿ ಆರೋಗ್ಯಶ್ರೀ ಯೋಜನೆ ಮೊದಲು ಆರಂಭವಾದದ್ದು ಗುಲ್ಬರ್ಗ ವಿಭಾಗದಲ್ಲಿಯೇ. ಯೋಜನೆ ತಲುಪಿದ್ದ ರಾಜ್ಯದ 300 ಹಳ್ಳಿಗಳನ್ನು, ನೆರೆಯಲ್ಲಿದ್ದೂ ತಲುಪದಿದ್ದ 272 ಹಳ್ಳಿಗಳೊಡನೆ ಹೋಲಿಸಿದ ಅಧ್ಯಯನ 2014ರಲ್ಲಿ ಬ್ರಿಟಿಷ್ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಯೋಜನೆಯ ವ್ಯಾಪ್ತಿಯ ರೋಗಗಳಿಂದ, ಮುಖ್ಯವಾಗಿ ಹೃದ್ರೋಗ ಮತ್ತು ಕ್ಯಾನ್ಸರ್‌ನಿಂದ, ಬಡ ಕುಟುಂಬಗಳಲ್ಲಿ ಆದ ಸಾವಿನ ಪ್ರಮಾಣ ಒಂದೆಡೆ ಶೇ 0.32, ಇನ್ನೊಂದೆಡೆ ಶೇ 0.90.

ಅದಕ್ಕಿಂತ ಅಗ್ಗದ ಸೂಚಕವೊಂದಿದೆ: ಟಾರ್ಚು ಹಿಡಿದು ಬಾಯೊಳಗೆ ನೋಡುವುದು. ತಿರುವನಂತಪುರ ಜಿಲ್ಲೆಯಲ್ಲಿ ತರಬೇತಿ ಪಡೆದ ಕಾರ್ಯಕರ್ತರು ಮನೆಮನೆಗೆ ಹೋಗಿ ಹೀಗೆ ನೋಡಿದಾಗ, ತಂಬಾಕು ಅಥವಾ ಮದ್ಯದ ಚಟವಿದ್ದವರಲ್ಲಿ ಬಾಯಿಯ ಕ್ಯಾನ್ಸರ್‌ನಿಂದಾಗುವ ಸಾವು ಶೇ 34ರಷ್ಟು ಇಳಿಯಿತೆಂದು 2005ರಲ್ಲಿ ಪ್ರಕಟವಾಗಿದೆ. ಕಾರ್ಖಾನೆಗಳು ಕಾರ್ಮಿಕರಿಗೆ ಮಾಡಿಸುವ ಆರೋಗ್ಯ ತಪಾಸಣೆಯಲ್ಲಿ ಬಾಯಿಯ ಪರೀಕ್ಷೆಯನ್ನೂ ಸೇರಿಸಲು ಎರಡು ನಿಮಿಷ ಸಾಕು. ಖಣಿಯ ಕೂಲಿಗಳಿಗೆ ಆ ತಪಾಸಣೆಯೂ ದುರ್ಲಭ. ಸುಣ್ಣದಕಲ್ಲು ತೆಗೆಯುವ ಜಿಲ್ಲೆಯಾದ್ದರಿಂದ ಜಿಲ್ಲಾ ಖನಿಜ ಪ್ರತಿಷ್ಠಾನದಲ್ಲಿ ಹಣ ಬಂದು ಬೀಳುತ್ತದೆ. ನಿಯಮದಂತೆ ಆರೋಗ್ಯವು ಅದರ ಆದ್ಯತೆಯ ಬಾಬತ್ತು. ಕಟ್ಟಡಗಳ ಅಂದಾಜುಪಟ್ಟಿಗಳಿಗೆ ಮಾತ್ರ ಅದು ಮೀಸಲಾಗಬೇಕಿಲ್ಲ. ಅದರಲ್ಲೊಂದು ಪಾಲನ್ನು ಸೇಡಂ ತಾಲ್ಲೂಕು ಆಸ್ಪತ್ರೆಯಲ್ಲಿ ದಂತವೈದ್ಯರಿಗೂ, ವಿಕಿರಣ ಚಿಕಿತ್ಸೆಗೆ ಬಂದವರು ಕಲಬುರಗಿಯಲ್ಲಿ ಉಳಿಯಲು ಒಂದು ಧರ್ಮಶಾಲೆಗೂ ಕೊಟ್ಟರೆ ತಪ್ಪೇನು? ವಿಕಿರಣ ವಾರಕ್ಕೆ ಐದು ದಿನ, ಆರೇಳು ವಾರ. ನಡುವೆ ತಪ್ಪಿದರೆ ಗುಣವಾಗುವ ಸಾಧ್ಯತೆ ಇಳಿಯುತ್ತದೆಂಬುದು ಚೆನ್ನಾಗಿ ಸಿದ್ಧವಾಗಿರುವ ಸಂಗತಿ. ಇನ್ನು 2013ರಲ್ಲಿ ರಾಜ್ಯ ಗುಟ್ಕಾ ನಿಷೇಧಿಸಿದ ಮೇಲೆ ಪಾನ್ ಮಸಾಲೆಯ ಚೀಟಿ ಒಂದು, ತಂಬಾಕಿನ ಚೀಟಿ ಒಂದು ಎಂದು ಬೇರೆಬೇರೆ ತೂಗುಹಾಕಿ ಮಾರುವುದನ್ನು ಯಾವ ಬಸ್‌ನಿಲ್ದಾಣದಲ್ಲಾದರೂ ಕಾಣಬಹುದು. ಆ ಬಗ್ಗೆ ಹೆಚ್ಚು ಬರೆದು ಪ್ರಯೋಜನವಿಲ್ಲ.

ನನ್ನ ಚಾಲಕರಿಗೆ ಆರು ವಾರಗಳ ವಿಕಿರಣ ಮುಗಿದಿದೆ. ಒಂದು ದಿನವೂ ತಪ್ಪಲಿಲ್ಲ. ಹೊಲದಲ್ಲಿ ಒಂದು ಎಕರೆ ಮಾತ್ರ ಒತ್ತೆ ಬಿದ್ದಿದೆ. ಮೊನ್ನೆ ಮಗ ಹೊಸ ರಕ್ತವರದಿಯ ಚಿತ್ರ ಕಳುಹಿಸಿ, ಅನುಪಾತ ಮತ್ತೆ ಮೂರೂವರೆ ಆಗಿದೆ, ಏನರ್ಥ ಎಂದು ಕೇಳಿದ. ವಿಕಿರಣ ಪಡೆದವರಲ್ಲಿ ಲಿಂಫೋಸೈಟ್‌ಗಳು ಕೆಲಕಾಲ ತಗ್ಗಿರುತ್ತವೆ, ವೈದ್ಯರಿಗೆ ತೋರಿಸು ಎಂದೆ. ಆಮೇಲೆ, ಅಪ್ಪನ ಬಾಯಿ ಎಷ್ಟು ತೆರೆಯುತ್ತದೆ ಎಂದು ವಿಚಾರಿಸಿದೆ. ಎರಡು ಬೆರಳು ಹೋಗುವಷ್ಟು, ಅಂದ. ಜೋಳದ ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುತ್ತಾರಂತೆ.